ನರುಲಿಗೆ ಒಳಮದ್ದು: ದೆಹಲಿಯ ವೈದ್ಯಚರಿತ್ರೆಯ ಒಂದು ಎಳೆ

ಕನ್ನಡದಲ್ಲಿ ಜ್ವರ ಬಿಡುತ್ತದೆ, ಗಾಯ ಮಾಯುತ್ತದೆ, ಕೆಮ್ಮು ವಾಸಿಯಾಗುತ್ತದೆ; ನರುಲಿಯಾದರೋ ಉದುರುತ್ತದೆ, ಇಲ್ಲವೆ ಕರಗುತ್ತದೆ. 'ನರುಲಿ ಗುಣವಾಯಿತು' ಎಂದು ಹೇಳುವವರು ಇಲ್ಲವೆಂದಲ್ಲ. ಆದರೆ ಆಡುಮಾತಿನ ಸಹಜ ಪ್ರಯೋಗ 'ಉದುರಿಹೋಯಿತು' ಎಂಬುದೇ. ಈ ವಾಕ್ಯದಲ್ಲಿ ಕರ್ತೃಸ್ಥಾನದಲ್ಲಿರುವುದು ನರುಲಿಯೇ ಹೊರತು ವೈದ್ಯನಲ್ಲ, ಮದ್ದೂ ಅಲ್ಲ. ಬಂದದ್ದು ತಾನಾಗಿ ಬಂತು, ಹೋದದ್ದು ತಾನಾಗಿ ಹೋಯಿತು ಎಂಬ ಅನುಭವ ಈ ಕ್ರಿಯಾಪದದಲ್ಲಿ ಅಡಗಿದೆಯೆಂದು ನಾವು ಭಾವಿಸುತ್ತೇವೆ. ವೈದ್ಯಶಾಸ್ತ್ರಕ್ಕೆ ಇದೇ ಸಂಗತಿಯನ್ನು ಎಣಿಕೆಯ ಮೂಲಕ ಸ್ಥಾಪಿಸಲು 20ನೆಯ ಶತಮಾನದ ಉತ್ತರಾರ್ಧದವರೆಗೆ ಕಾಯಬೇಕಾಯಿತು. ಅದಕ್ಕೆ ಮೊದಲೂ ಆಮೇಲೂ ನರುಲಿಗೆಂದು ಹೊಟ್ಟೆಗೆ ಕೊಟ್ಟ ಮದ್ದುಗಳ ಚರಿತ್ರೆ ವಿಚಿತ್ರವಾದುದು. ಅದರ ಕೆಲವು ಮುಖ್ಯ ಘಟ್ಟಗಳು ದೆಹಲಿ ಮತ್ತು ಅದರ ಸುತ್ತಣ ರಾಜಧಾನಿ ವಲಯಕ್ಕೆ ಸಂಬಂಧಿಸಿರುವುದರಿಂದ, ಇಲ್ಲಿ ನೆಲೆಸಿರುವ ನಾವು ಆ ಎಳೆಯನ್ನು ಹಿಡಿದು ನೋಡುವ ಪ್ರಯತ್ನವನ್ನು ಪ್ರಸ್ತುತ ಲೇಖನದಲ್ಲಿ ಮಾಡಿದ್ದೇವೆ.

ಮೊದಲಿಗೆ ಒಂದು ಸ್ಪಷ್ಟೀಕರಣ ಅವಶ್ಯ. ಸಾಲಿಸಿಲಿಕ್ ಆಮ್ಲದ ಲೇಪನ, ದ್ರವ ಸಾರಜನಕದಿಂದ ಘನೀಭವಿಸುವಿಕೆ, ವಿದ್ಯುತ್ತಿನಿಂದ ಸುಡುವಿಕೆ ಮುಂತಾದ ಹೊರ ಚಿಕಿತ್ಸೆಗಳಿಗೆ ಜಗ್ಗದ, ಅಥವಾ ಜಗ್ಗಿದಂತೆ ತೋರಿ ಮತ್ತೆ ಮೂಡುವ ನರುಲಿಯನ್ನು ಚರ್ಮರೋಗ ತಜ್ಞರು ಹಠಮಾರಿ ನರುಲಿಯೆಂದು ಗಣಿಸುತ್ತಾರೆ. ಕೈತುಂಬ ಇಪ್ಪತ್ತು ಮೂವತ್ತು ನರುಲಿಗಳಿರುವ ಮಗುವನ್ನು ಪ್ರತಿ ಎರಡು ವಾರಕ್ಕೊಮ್ಮೆ ಸುಡಿಸಲು ಕರೆದೊಯ್ಯುವ ತಾಯಿತಂದೆಯರಿಗೆ 'ಇದಕ್ಕೊಂದು ಗುಳಿಗೆ ಇಲ್ಲವೆ?' ಎಂಬ ಪ್ರಶ್ನೆ ಏಳುವುದು ಸಹಜ. ನಮ್ಮ ಚರ್ಚೆಯಿರುವುದು ಆ ಗುಳಿಗೆಯನ್ನು ಕುರಿತು. ಯಾವ ಗುಳಿಗೆ ಉತ್ತಮವೆಂದು ತೀರ್ಮಾನಿಸುವುದು ವೈದ್ಯರ ಕೆಲಸ. 'ಗುಳಿಗೆಯಿಂದ ಉದುರಿತು' ಎಂದು ಹೇಳಲು ಯಾರ ಬಳಿ ಯಾವ ಆಧಾರವಿತ್ತು ಎಂದು ಕೇಳುವುದು ಚರಿತ್ರಕಾರನ ಕೆಲಸ.

ಹೆಸರುಗಳಿಂದ ಆರಂಭಿಸುವುದು ಒಳಿತು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ನರುಲಿಗೆ ಸಮೀಪವಾದ ಪದಗಳು ಎರಡು: ಚರ್ಮಕೀಲ ಮತ್ತು ಮಷಕ. ಕೀಲವೆಂದರೆ ಮೊಳೆ, ಚರ್ಮಕೀಲವೆಂದರೆ ತೊಗಲಿನಲ್ಲಿ ನಾಟಿಕೊಂಡ ಮೊಳೆ. ಮಷಕವು ಉದ್ದಿನಕಾಳಿನಂತೆ ಕಪ್ಪಾಗಿ ಉಬ್ಬಿದುದು. ಇದರಲ್ಲಿ ಇಂದು ನಾವು ಮಚ್ಚೆಯೆನ್ನುವುದೂ ಸೇರಿರಬಹುದು. ಹಿಂದಿಯ 'ಮಸ್ಸಾ' ಈ ಮಷಕದಿಂದಲೇ ಬಂದುದು. ದೆಹಲಿಗೆ ಹೊಸದಾಗಿ ಬಂದ ಕನ್ನಡಿಗರು ಗೋಡೆಬರಹಗಳಲ್ಲಿ 'ಮಸ್ಸೆ'ಗೆ ಶರ್ತಿಯಾ ಚಿಕಿತ್ಸೆಯೆಂಬ ಮಾತನ್ನು ಓದಿ, ಈ ಊರಿನಲ್ಲಿ ಇಷ್ಟೊಂದು ಜನರಿಗೆ ನರುಲಿಯೇ ಎಂದು ಅಚ್ಚರಿಪಡುವುದುಂಟು. ಅಲ್ಲಿ ಹೇಳಿರುವುದು ನರುಲಿಯನ್ನಲ್ಲ, ಮೂಲವ್ಯಾಧಿಯನ್ನು. ಹಿಂದಿಯಲ್ಲಿ ಎರಡಕ್ಕೂ ಮಸ್ಸಾ ಎಂಬ ಒಂದೇ ಪದ ಸಲ್ಲುತ್ತದೆ. ಇದು ಬೀದಿಯ ಗೊಂದಲವೆಂದು ತಳ್ಳಿಹಾಕುವಂತಿಲ್ಲ. ಸುಶ್ರುತಸಂಹಿತೆಯು ಚರ್ಮಕೀಲವನ್ನು ವಿವರಿಸುವುದು ನಿದಾನಸ್ಥಾನದ ಎರಡನೆಯ ಅಧ್ಯಾಯದಲ್ಲಿ, ಅಂದರೆ ಅರ್ಶಸ್ಸಿನ ಅಧ್ಯಾಯದಲ್ಲಿಯೇ: ಕೆರಳಿದ ವ್ಯಾನವಾಯು ಕಫವನ್ನು ಕೂಡಿಕೊಂಡು ಚರ್ಮದ ಹೊರಗೆ ಮೊಳೆಯಂತೆ ಗಟ್ಟಿಯಾದುದನ್ನು ಹುಟ್ಟಿಸುತ್ತದೆ ಎಂಬುದು ಅಲ್ಲಿಯ ವಿವರಣೆ. ಕನ್ನಡದಲ್ಲಿಯೂ ಮೂಲವ್ಯಾಧಿಗೆ ಮೊಳೆರೋಗವೆಂಬ ಹೆಸರಿದೆ. ಅಂಗಾಲಿನ ಗಂಟಿಗೆ ಆಣಿ ಎನ್ನುತ್ತೇವೆ, ಆಣಿಯೂ ಮೊಳೆಯೇ. ಅಂಗಾಲಿನ ನರುಲಿಯನ್ನು ಆಣಿಯೆಂದು ತಿಳಿದು ಕೊಯ್ಯಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಹೀಗಿರುವಾಗ ಹಳೆಯ ಗ್ರಂಥದಲ್ಲಿಯೋ ಹಕೀಮರ ಚೀಟಿಯಲ್ಲಿಯೋ 'ಮಸ್ಸಾ ಹೋಯಿತು' ಎಂದಿದ್ದರೆ, ಹೋದದ್ದು ಯಾವುದು ಎಂದು ಕೇಳಿಕೊಳ್ಳದೆ ಮುಂದುವರಿಯಬಾರದು.

ಇನ್ನೊಂದು ಗಮನಾರ್ಹ ಅಂಶವಿದೆ. ಒಳರೋಗದ ಹೊರಚಿಹ್ನೆಯೆಂದು ವರ್ಣಿಸಿದರೂ ಸುಶ್ರುತನು ಚಿಕಿತ್ಸೆಗೆ ಬಂದಾಗ ಹೊಟ್ಟೆಗೆ ಮದ್ದು ಹೇಳುವುದಿಲ್ಲ. ಚಿಕಿತ್ಸಾಸ್ಥಾನದ ಕ್ಷುದ್ರರೋಗಗಳ ಅಧ್ಯಾಯದಲ್ಲಿ ಇವನ್ನು ಶಸ್ತ್ರದಿಂದ ಕೆತ್ತಿ ಕ್ಷಾರದಿಂದಲೋ ಅಗ್ನಿಯಿಂದಲೋ ಸುಡಬೇಕೆಂಬ ವಿಧಿಯಿದೆ. ಹಳ್ಳಿಗಳಲ್ಲಿ ಕುದುರೆಯ ಬಾಲದ ಕೂದಲಿನಿಂದ ಬಿಗಿದು ಕಟ್ಟುವುದು, ಸುಣ್ಣ ಹಚ್ಚುವುದು ಮುಂತಾದ ಪದ್ಧತಿಗಳೂ ಹೊರಗಿನವೇ. ಮಂಗರಾಜನ 'ಖಗೇಂದ್ರಮಣಿದರ್ಪಣ', ಚಾವುಂಡರಾಯನ 'ಲೋಕೋಪಕಾರ'ಗಳಂತಹ ಕೃತಿಗಳು ಹೊರನಾಡಿನ ಮದರಾಸಿನಿಂದ ಮುದ್ರಣ ಕಂಡುದನ್ನು ಹೊರನಾಡಿನ ಸಂಶೋಧಕರಿಗೆ ನೆನಪಿಸಬೇಕಾಗಿಲ್ಲ. ಇಂಥ ಕೃತಿಗಳಲ್ಲಿ ಹೊರಮದ್ದು ಯಾವುದಕ್ಕೆ, ಒಳಮದ್ದು ಯಾವುದಕ್ಕೆ ಎಂಬ ವಿಂಗಡಣೆಯನ್ನು ಯಾರಾದರೂ ಶ್ರಮವಹಿಸಿ ಮಾಡಿದರೆ ಉಪಕಾರವಾದೀತು. ನಮ್ಮ ಸದ್ಯದ ಉದ್ದೇಶಕ್ಕೆ ಇಷ್ಟು ಸಾಕು: ನರುಲಿಗೆ ಒಳಗಿನಿಂದಲೇ ಚಿಕಿತ್ಸೆಯಾಗಬೇಕು ಎಂಬ ಪಟ್ಟು ಈ ಶಸ್ತ್ರಪರಂಪರೆಯದಲ್ಲ.

ಆ ಪಟ್ಟು ದೆಹಲಿಗೆ ಎರಡು ದಾರಿಗಳಿಂದ ಬಂದಿತು. ಮೊದಲನೆಯದು ಯುನಾನಿ. ಯುನಾನಿ ವೈದ್ಯದಲ್ಲಿ ನರುಲಿಯು ಸೌದಾ ಎಂಬ ಕಪ್ಪು ಪಿತ್ತದ ದೋಷ. ದೋಷವನ್ನು ಒಳಗಿನಿಂದ ಹೊರಹಾಕುವುದು, ರಕ್ತವನ್ನು ಶುದ್ಧಿಗೊಳಿಸುವುದು ಚಿಕಿತ್ಸೆಯ ಒಂದು ಅಂಗ. ಹಕೀಮ್ ಅಬ್ದುಲ್ ಮಜೀದರು 1906ರಲ್ಲಿ ಹಳೆಯ ದೆಹಲಿಯಲ್ಲಿ ಆರಂಭಿಸಿದ ಹಮ್‌ದರ್ದ್ ದವಾಖಾನೆಯ 'ಸಾಫಿ' ಇಂದಿಗೂ ಮನೆಮಾತಾಗಿರುವ ರಕ್ತಶೋಧಕ. ಹಕೀಮ್ ಅಜ್ಮಲ್ ಖಾನರ ಕನಸಾಗಿದ್ದ ಕರೋಲ್‌ಬಾಗಿನ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿಗೆ 1916ರಲ್ಲಿ ಲಾರ್ಡ್ ಹಾರ್ಡಿಂಜರಿಂದ ಶಂಕುಸ್ಥಾಪನೆಯಾಗಿ, 1921ರ ಫೆಬ್ರವರಿ 13ರಂದು ಗಾಂಧೀಜಿಯವರಿಂದ ಉದ್ಘಾಟನೆಯಾಯಿತು. ಸುಶ್ರುತನ ಶಸ್ತ್ರ ಮತ್ತು ಯುನಾನಿಯ ಶೋಧನ ಇವೆರಡೂ ಒಂದೇ ಆವರಣದಲ್ಲಿ ಪಾಠವಾದದ್ದು ದೆಹಲಿಯ ವೈಶಿಷ್ಟ್ಯ.

ಎರಡನೆಯ ದಾರಿ ಹೋಮಿಯೋಪಥಿಯದು. ಹಾನಿಮನ್ನನು 1828ರಲ್ಲಿ ಪ್ರಕಟಿಸಲಾರಂಭಿಸಿದ ದೀರ್ಘರೋಗಗಳ ಗ್ರಂಥದಲ್ಲಿ ಸಕಲ ದೀರ್ಘರೋಗಗಳಿಗೆ ಮೂರು ಮೂಲಗಳನ್ನು ಕಲ್ಪಿಸಿದನು. ಅವುಗಳಲ್ಲಿ 'ಸೈಕೋಸಿಸ್' ಎಂಬುದು ನರುಲಿಯಂತಹ ಬೆಳೆತಗಳ ರೋಗ. ಆ ಬೆಳೆತವನ್ನು ಹೊರಗಿನಿಂದ ಸುಟ್ಟರೆ ರೋಗವು ಒಳಸೇರುತ್ತದೆಂಬುದು ಅವನ ಖಂಡಿತ ನಿಲುವು. ಆದ್ದರಿಂದ ಥೂಜಾ ಮತ್ತು ನೈಟ್ರಿಕ್ ಆಮ್ಲಗಳ ಅತ್ಯಲ್ಪ ಪ್ರಮಾಣವನ್ನು ಹೊಟ್ಟೆಗೆ ಕೊಡಬೇಕು. ಸುಶ್ರುತನು ಎಲ್ಲಿ ಸುಡು ಎಂದನೋ ಅಲ್ಲಿ ಹಾನಿಮನ್ನನು ಸುಡಬೇಡ ಎಂದನು. ಭಾರತದಲ್ಲಿ ಹೋಮಿಯೋಪಥಿ ಬೇರೂರಿದಂತೆಲ್ಲ ನರುಲಿಗೆ ಥೂಜಾ ಎಂಬುದು ಗಾದೆಯಷ್ಟು ಪರಿಚಿತವಾಯಿತು. ದೆಹಲಿಯ ಕನ್ನಡ ಮನೆಗಳಲ್ಲಿಯೂ ಸಕ್ಕರೆ ಗುಳಿಗೆಯ ಪುಟ್ಟ ಸೀಸೆಗಳ ಸಾಲು ಅಪರೂಪವಲ್ಲ.

ಇದೇ ಕಾಲದ ಐರೋಪ್ಯ ವೈದ್ಯರು ಹೋಮಿಯೋಪಥಿಯನ್ನು ಎಷ್ಟೇ ಹಳಿಯಲಿ, ತಾವೂ ಒಳಮದ್ದಿಗೆ ಹೊರತಾಗಿರಲಿಲ್ಲ. ಥಾಮಸ್ ಫೌಲರನು 1786ರಲ್ಲಿ ಪ್ರಚಾರಕ್ಕೆ ತಂದ ಪಾಷಾಣದ್ರಾವಣವನ್ನು 19ನೆಯ ಶತಮಾನದಲ್ಲಿ ಚರ್ಮದ ಬಹುತೇಕ ಎಲ್ಲ ವ್ಯಾಧಿಗಳಿಗೂ ಕೊಡುತ್ತಿದ್ದರು, ನರುಲಿಗೂ ಕೊಟ್ಟರು. ಪಾಷಾಣವನ್ನು ದೀರ್ಘಕಾಲ ಸೇವಿಸಿದವರ ಅಂಗೈ ಅಂಗಾಲುಗಳಲ್ಲಿ ನರುಲಿಯನ್ನೇ ಹೋಲುವ ಗಡಸು ಗಂಟುಗಳು ಏಳುತ್ತವೆ, ಅವುಗಳಲ್ಲಿ ಕೆಲವು ಕ್ಯಾನ್ಸರಿಗೆ ತಿರುಗುತ್ತವೆ ಎಂಬುದನ್ನು ಲಂಡನ್ನಿನ ಜೊನಾಥನ್ ಹಚಿನ್ಸನ್ನರು 1880ರ ದಶಕದ ಕೊನೆಗೆ ತೋರಿಸಿದರು. ನರುಲಿಯನ್ನು ಕಳೆಯಲೆಂದು ಕೊಟ್ಟ ಮದ್ದೇ ನರುಲಿಯಂತಹುದನ್ನು, ಅದಕ್ಕಿಂತ ಘೋರವಾದುದನ್ನು ಹುಟ್ಟಿಸಬಲ್ಲದೆಂದು ತಿಳಿಯಲು ನೂರು ವರ್ಷಗಳು ಹಿಡಿದವು. ಇದಕ್ಕೆ ಕಾರಣ ನಮ್ಮ ಊಹೆಗೆ ನಿಲುಕುವಂಥದೇ: ಪಾಷಾಣ ಕುಡಿದ ಬಹುಮಂದಿಯ ನರುಲಿಗಳು ನಿಜವಾಗಿಯೂ ಉದುರಿದ್ದವು.

ಅವು ಏಕೆ ಉದುರಿದವೆಂಬುದಕ್ಕೆ ಉತ್ತರ ಮೂರು ಹಂತಗಳಲ್ಲಿ ದೊರೆಯಿತು. ಇಟಲಿಯ ಜೂಸೆಪ್ಪೆ ಚೂಫೋ 1907ರಲ್ಲಿ, ಬ್ಯಾಕ್ಟೀರಿಯಗಳನ್ನು ತಡೆಹಿಡಿಯುವ ಸೋಸುಕದಿಂದ ಸೋಸಿದ ನರುಲಿಯ ರಸವೂ ನರುಲಿಯನ್ನು ಹುಟ್ಟಿಸುತ್ತದೆಂದು ತೋರಿಸಿ, ಇದು ವೈರಾಣುವಿನ ಕೃತ್ಯವೆಂಬುದಕ್ಕೆ ಅಡಿಪಾಯ ಹಾಕಿದನು. 1949ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಕಣಗಳು ಕಂಡವು. ಇವೆರಡಕ್ಕಿಂತಲೂ ನಮ್ಮ ವಿಷಯಕ್ಕೆ ಮುಖ್ಯವಾದುದು 1963ರಲ್ಲಿ ಅಮೆರಿಕದ ಮ್ಯಾಸಿಂಗ್ ಮತ್ತು ಎಪ್‌ಸ್ಟೈನರು ಪ್ರಕಟಿಸಿದ ಎಣಿಕೆ. ಒಂದು ಆಶ್ರಯಸಂಸ್ಥೆಯ 1000 ಮಕ್ಕಳನ್ನು ಅವರು ಎರಡು ವರ್ಷ ಗಮನಿಸಿದರು. ಯಾವ ಚಿಕಿತ್ಸೆಯೂ ಇಲ್ಲದೆ ಸುಮಾರು ಮೂರನೇ ಎರಡು ಪಾಲು ನರುಲಿಗಳು ಆ ಅವಧಿಯೊಳಗೆ ತಾವಾಗಿಯೇ ಮರೆಯಾಗಿದ್ದವು. ವೈರಾಣುವನ್ನು ಶರೀರದ ರೋಗನಿರೋಧಕ ಶಕ್ತಿ ಗುರುತಿಸಿದ ದಿನ ನರುಲಿ ಹೊರಡುತ್ತದೆ, ಗುರುತಿಸುವವರೆಗೆ ಕೂತಿರುತ್ತದೆ. ಹಠಮಾರಿತನವೆಂಬುದು ಬಹುಮಟ್ಟಿಗೆ ಈ ಗುರುತಿಸುವಿಕೆಯ ವಿಳಂಬವೇ ಆಗಿದೆ.

ಇದರ ನಡುವೆ ಬರುವ ಒಂದು ಪ್ರಸಂಗವನ್ನು ಬಿಟ್ಟುಬಿಡಲು ಮನಸ್ಸು ಬಾರದು. ಜ್ಯೂರಿಕ್ಕಿನ ಬ್ರೂನೋ ಬ್ಲಾಕ್ ಎಂಬ ಪ್ರಸಿದ್ಧ ಚರ್ಮರೋಗ ತಜ್ಞರು ರೋಗಿಯ ಕಣ್ಣು ಕಟ್ಟಿ, ಸದ್ದುಮಾಡುವ ಯಂತ್ರವೊಂದರ ಮೇಲೆ ಕೈ ಇಡಿಸಿ, ನರುಲಿಗೆ ಬಣ್ಣ ಬಳಿದು, ಅದು ಸತ್ತಿತೆಂದು ಗಂಭೀರವಾಗಿ ಸಾರುತ್ತಿದ್ದರು. 1927ರಲ್ಲಿ ಅವರು ಇದರ ಫಲಗಳನ್ನು ಪ್ರಕಟಿಸಿದರು. ಬಹಳಷ್ಟು ನರುಲಿಗಳು ಉದುರಿದ್ದವು. ಹಳೆಯ ಮೈಸೂರಿನ ಸೀಮೆಯಲ್ಲಿ ದೇವಾಲಯದ ಕೊಳಕ್ಕೆ ಉಪ್ಪನ್ನೋ ಬೆಲ್ಲವನ್ನೋ ಹಾಕಿ, ಅದು ಕರಗಿದಂತೆ ನರುಲಿಯೂ ಕರಗಲೆಂದು ಹರಕೆ ಹೊರುವವರನ್ನು ನೋಡಿ ನಕ್ಕವರು ಜ್ಯೂರಿಕ್ಕಿನ ಯಂತ್ರವನ್ನೂ ಒಮ್ಮೆ ನೆನೆಯಬೇಕು. ಹರಕೆಯಲ್ಲಿ ಒಂದು ಮೇಲ್ಮೆಯುಂಟು, ಅದರಿಂದ ಯಾರ ರಕ್ತಕಣಗಳೂ ಕುಸಿಯುವುದಿಲ್ಲ.

ಹೀಗೆ ತಾನಾಗಿ ಹೊರಡುವ ವ್ಯಾಧಿಗೆ ಕೊಟ್ಟ ಮದ್ದಿನ ಪರವಾಗಿ ರೋಗಿಯ ಸಾಕ್ಷ್ಯವಾಗಲಿ ವೈದ್ಯನ ಸಾಕ್ಷ್ಯವಾಗಲಿ ಸಾಲದು. ಮದ್ದು ಪಡೆದವರ ಪಕ್ಕದಲ್ಲಿ, ಮದ್ದಿನಂತೆ ಕಾಣುವ ಹುಸಿಗುಳಿಗೆ ಪಡೆದವರ ಇನ್ನೊಂದು ಸಾಲು ಇರಬೇಕು. ಯಾರಿಗೆ ಯಾವುದು ಸಿಕ್ಕಿತೆಂಬುದು ಮುಗಿಯುವವರೆಗೆ ವೈದ್ಯನಿಗೂ ರೋಗಿಗೂ ತಿಳಿಯಬಾರದು. ಹೋಮಿಯೋಪಥಿಯನ್ನು ಈ ಒರೆಗಲ್ಲಿಗೆ ಹಚ್ಚಿದ ಎರಡು ಪ್ರಯೋಗಗಳು 1990ರ ದಶಕದಲ್ಲಿ ಹೊರದೇಶಗಳಲ್ಲಿ ನಡೆದವು. ಕೆನಡದ ಕ್ವಿಬೆಕ್ಕಿನಲ್ಲಿ ಅಂಗಾಲಿನ ನರುಲಿಯಿದ್ದ 174 ಮಂದಿಗೆ ಥೂಜಾ, ಆಂಟಿಮೋನಿಯಂ ಕ್ರೂಡಮ್, ನೈಟ್ರಿಕ್ ಆಮ್ಲಗಳನ್ನು ಕೊಟ್ಟು ಹುಸಿಗುಳಿಗೆಯೊಡನೆ ಹೋಲಿಸಲಾಯಿತು. 1992ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವ್ಯತ್ಯಾಸವಿರಲಿಲ್ಲ. ಆಸ್ಟ್ರಿಯದಲ್ಲಿ 60 ಮಕ್ಕಳ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಔಷಧಿಯ ಸಾಲಿನ 30 ಮಕ್ಕಳಲ್ಲಿ 9 ಮಂದಿಗೂ ಹುಸಿಗುಳಿಗೆಯ ಸಾಲಿನ 30 ಮಕ್ಕಳಲ್ಲಿ 7 ಮಂದಿಗೂ ಗುಣ ಕಂಡಿತು. ಮರುವರ್ಷವೇ, 1997ರಲ್ಲಿ, ದೆಹಲಿಯ ಕೇಂದ್ರೀಯ ಹೋಮಿಯೋಪಥಿ ಸಂಶೋಧನ ಪರಿಷತ್ತಿನ ತ್ರೈಮಾಸಿಕ ಬುಲೆಟಿನ್ನಿನಲ್ಲಿ ರಾಜ್ ಕೆ. ಮನಚಂದಾ ಮತ್ತು ಸಂಗಡಿಗರ ಲೇಖನವೊಂದು ಬಂದಿತು. ನರುಲಿ ಮತ್ತು ಅದನ್ನು ಹೋಲುವ ಮೊಲಸ್ಕಮ್ ಗುಳ್ಳೆಗಳಿಗೆ ಹೋಮಿಯೋಪಥಿ ಔಷಧಿಗಳನ್ನು ಇಬ್ಬರಿಗೂ ತಿಳಿಯದ ಕ್ರಮದಲ್ಲಿ ಹುಸಿಗುಳಿಗೆಯೊಡನೆ ಹೋಲಿಸಿದ ಪ್ರಯೋಗಗಳ ವರದಿಯದು. ಹೋಮಿಯೋಪಥಿಯ ವಲಯದ ಒಳಗಿನಿಂದಲೇ, ಪ್ರತಿ ರೋಗಿಗೂ ಬೇರೆ ಬೇರೆ ಮದ್ದೆಂಬ ತತ್ತ್ವವನ್ನು ಇಟ್ಟುಕೊಂಡ ಶಾಸ್ತ್ರವೊಂದರ ಕೇಂದ್ರಸಂಸ್ಥೆಯ ಪತ್ರಿಕೆಯಲ್ಲಿಯೇ, ಕೊಡದವರ ಸಾಲು ಕಾಣಿಸಿಕೊಂಡುದು ದೆಹಲಿಯ ವೈದ್ಯಚರಿತ್ರೆಯಲ್ಲಿ ಲಕ್ಷಿಸಬೇಕಾದ ಸಂಗತಿ. ಈ ಬುಲೆಟಿನ್ನಿನ ಹಳೆಯ ಸಂಚಿಕೆಗಳಿಗೆ ಚರಿತ್ರಕಾರರ ಗಮನ ಇನ್ನೂ ಹರಿಯಬೇಕಾಗಿದೆ.

ಆಧುನಿಕ ವೈದ್ಯವು ಈ ಅವಧಿಯಲ್ಲಿ ಹೆಚ್ಚು ಎಚ್ಚರದಿಂದ ನಡೆದುಕೊಂಡಿತೆಂದು ಹೇಳಲಾರೆವು. ಬೆಲ್ಜಿಯಮ್ಮಿನ ಯಾನ್ಸೆನ್ ಪ್ರಯೋಗಾಲಯದಿಂದ 1966ರ ಸುಮಾರಿಗೆ ಹೊರಬಂದ ಲೆವಮಿಸೋಲ್ ಎಂಬುದು ಜಂತುಹುಳುವಿನ ಮದ್ದು. 1971ರಲ್ಲಿ ಫ್ರಾನ್ಸಿನ ರೆನೂ ದಂಪತಿಗಳು ಇಲಿಗಳಲ್ಲಿ ಇದು ರೋಗನಿರೋಧಕ ಶಕ್ತಿಯನ್ನು ಹುರಿದುಂಬಿಸುತ್ತದೆಂದು ಕಂಡರು. ನರುಲಿಯು ನಿರೋಧಕ ಶಕ್ತಿಯ ವಿಳಂಬವಾದರೆ ಹುರಿದುಂಬಿಸುವ ಮದ್ದು ಅದನ್ನು ಕಳೆಯಬೇಕಷ್ಟೆ ಎಂಬ ತರ್ಕದಿಂದ ಕೆಲವೇ ವರ್ಷಗಳಲ್ಲಿ ಅದನ್ನು ನರುಲಿಗೆ ಕೊಡಲಾರಂಭಿಸಿದರು. ಹೊಟ್ಟೆಯ ಹುಣ್ಣಿಗಾಗಿ 1976ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದ ಸಿಮೆಟಿಡೀನ್ ಇದೇ ದಾರಿ ಹಿಡಿಯಿತು. 1993ರಲ್ಲಿ ಅಮೆರಿಕದ ಆರ್ಲೋ ಮತ್ತು ಪಾಲರ್ ಅವರು 32 ಮಕ್ಕಳಿಗೆ ಅದನ್ನು ಕೊಟ್ಟು 26 ಮಕ್ಕಳ ನರುಲಿಗಳು ಹೋದವೆಂದು ವರದಿ ಮಾಡಿದರು. ನೂರಕ್ಕೆ ಎಂಬತ್ತೊಂದು! ಆದರೆ ಅಲ್ಲಿ ಕೊಡದವರ ಸಾಲು ಇರಲಿಲ್ಲ. 1996ರಲ್ಲಿ ಟರ್ಕಿಯ ವೈದ್ಯರು ಆ ಸಾಲನ್ನು ಸೇರಿಸಿ ನೋಡಿದಾಗ ಸಿಮೆಟಿಡೀನ್ ಪಡೆದ 28 ಮಂದಿಯಲ್ಲಿ 9, ಹುಸಿಗುಳಿಗೆ ಪಡೆದ 26 ಮಂದಿಯಲ್ಲಿ 8 ಮಂದಿಯ ನರುಲಿಗಳು ಹೋದವು. ಎಂಬತ್ತೊಂದು ಮೂವತ್ತೆರಡಕ್ಕೆ ಇಳಿಯಿತು. ಅದೂ ಸುಮ್ಮನಿದ್ದವರಿಗೆ ಸಮನಾಗಿ.

ಉತ್ತರ ಭಾರತದ ಚರ್ಮರೋಗ ತಜ್ಞ ಡಿ. ಪರ್ಸಾದ್ ಮತ್ತು ಸಂಗಡಿಗರು 1999ರಲ್ಲಿ ಒಮ್ಮೆ, ಮಕ್ಕಳನ್ನು ಕುರಿತು 2001ರಲ್ಲಿ ಇನ್ನೊಮ್ಮೆ, ಸಿಮೆಟಿಡೀನ್ ಮತ್ತು ಲೆವಮಿಸೋಲ್ ಜೋಡಿಯನ್ನು ಕೇವಲ ಸಿಮೆಟಿಡೀನಿನೊಡನೆ ಹೋಲಿಸಿ, ಜೋಡಿಯೇ ಮೇಲೆಂದು ವರದಿ ಮಾಡಿದರು. ಹಠಮಾರಿ ನರುಲಿಯನ್ನು ಕುರಿತ ಭಾರತೀಯ ಬರಹಗಳಲ್ಲಿ ಇವು ಮತ್ತೆ ಮತ್ತೆ ಉಲ್ಲೇಖವಾಗುತ್ತ ಬಂದಿವೆ. ಎರಡು ಸಾಲುಗಳಲ್ಲಿಯೂ ಮದ್ದಿದ್ದುದನ್ನು ಓದುಗರು ಗಮನಿಸಬೇಕು. ಇದರ ನಡುವೆ, 2000ದಲ್ಲಿ, ಅಮೆರಿಕದ ಮಾರುಕಟ್ಟೆಯಿಂದ ಲೆವಮಿಸೋಲನ್ನು ಹಿಂದೆಗೆದುಕೊಳ್ಳಲಾಯಿತು. ಈ ಮದ್ದಿನಿಂದ ಕೆಲವರಲ್ಲಿ ರಕ್ತದ ಬಿಳಿಕಣಗಳು ಇದ್ದಕ್ಕಿದ್ದಂತೆ ಕುಸಿಯುತ್ತವೆ. ಆ ಸ್ಥಿತಿಯಲ್ಲಿ ಸಾಮಾನ್ಯ ಗಂಟಲುನೋವೂ ಪ್ರಾಣಕ್ಕೆ ಎರವಾಗಬಹುದು. ಕರುಳಿನ ಕ್ಯಾನ್ಸರಿಗೆ ಕೊಡುವಾಗ ಈ ಅಪಾಯವನ್ನು ತೂಗಿ ನೋಡಬಹುದಿತ್ತು. ತಾನಾಗಿ ಹೊರಡುವ ನರುಲಿಗೆಂದು, ಬೇರೆ ಕಾಯಿಲೆಯಿಲ್ಲದ ಮಗುವಿಗೆ ಕೊಡುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿತ್ತು?

ಇಲ್ಲಿಂದ ಮುಂದೆ ಚರ್ಚೆಯು ಸತುವಿನ ಕಡೆಗೆ ತಿರುಗುತ್ತದೆ. ದೆಹಲಿಯ ಪಾತ್ರವೂ ಇಲ್ಲಿ ಹಿರಿದು. ಸತು ಮನುಷ್ಯಶರೀರಕ್ಕೆ ಅತ್ಯವಶ್ಯವೆಂಬುದನ್ನು ಬಿಹಾರದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಆನಂದ ಪ್ರಸಾದ್ ಎಂಬ ವೈದ್ಯವಿಜ್ಞಾನಿ 1960ರ ದಶಕದ ಆರಂಭದಲ್ಲಿ ಇರಾನ್ ಮತ್ತು ಈಜಿಪ್ಟಿನ ಕುಳ್ಳಗೆ ಬೆಳೆದ ತರುಣರನ್ನು ಪರೀಕ್ಷಿಸಿ ತೋರಿಸಿದರು. ಸತು ಕಡಿಮೆಯಾದರೆ ಬೆಳವಣಿಗೆಯಷ್ಟೇ ಅಲ್ಲ, ರೋಗನಿರೋಧಕ ಶಕ್ತಿಯೂ ಕುಂದುತ್ತದೆ. ಇದನ್ನು ಮಕ್ಕಳ ಅತಿಸಾರಕ್ಕೆ ಅನ್ವಯಿಸಿ ನೋಡಿದ ನಿರ್ಣಾಯಕ ಪ್ರಯೋಗಗಳಲ್ಲೊಂದು ದೆಹಲಿಯಲ್ಲಿ ನಡೆಯಿತು. ಸುನಿಲ್ ಸಜಾವಲ್, ರಾಬರ್ಟ್ ಬ್ಲ್ಯಾಕ್, ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಎಂ. ಕೆ. ಭಾನ್ ಮತ್ತಿತರರು 6ರಿಂದ 35 ತಿಂಗಳ 937 ಮಕ್ಕಳನ್ನು ಎರಡು ಸಾಲು ಮಾಡಿದರು. ಇಬ್ಬರಿಗೂ ಜೀವಸತ್ವಗಳ ದ್ರವವಿತ್ತು. ಒಂದು ಸಾಲಿನ ದ್ರವದಲ್ಲಿ ಮಾತ್ರ ದಿನಕ್ಕೆ 20 ಮಿಲಿಗ್ರಾಂ ಸತುವಿತ್ತು. ಸತು ಪಡೆದ ಮಕ್ಕಳಲ್ಲಿ ಭೇದಿ ಮುಂದುವರಿಯುವ ಸಂಭವ ನೂರಕ್ಕೆ 23ರಷ್ಟು ಇಳಿಯಿತು. 1995ರಲ್ಲಿ ಪ್ರಕಟವಾದ ಈ ಕೆಲಸವೂ ಇಂತಹ ಇತರ ಕೆಲಸಗಳೂ ಸೇರಿ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳು ಅತಿಸಾರದ ಮಕ್ಕಳಿಗೆ ಸತುವನ್ನು ಶಿಫಾರಸು ಮಾಡುವುದಕ್ಕೆ ಆಧಾರವಾದವು. ತಾನಾಗಿ ನಿಲ್ಲುವ ಇನ್ನೊಂದು ವ್ಯಾಧಿ ಅತಿಸಾರ. ಆದುದರಿಂದಲೇ ಅಲ್ಲಿ ಎರಡನೆಯ ಸಾಲು ಅನಿವಾರ್ಯವಾಯಿತು. ಅದರ ವೆಚ್ಚವನ್ನೂ ಶ್ರಮವನ್ನೂ ಅವರು ವಹಿಸಿಕೊಂಡರು.

ನರುಲಿಗೆ ಸತುವಿನ ಕಥೆ ಆರಂಭವಾದುದು ದೆಹಲಿಯಲ್ಲಿ ಅಲ್ಲ, ಬಗ್ದಾದಿನಲ್ಲಿ. 2002ರಲ್ಲಿ ಅಲ್-ಗುರೈರಿ, ಅಲ್-ವೈಜ್ ಮತ್ತು ಶರ್ಕೀ ಅವರು ಪ್ರಕಟಿಸಿದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ದೆಹಲಿಯೂ ಸೇರಿದಂತೆ ಎಲ್ಲೆಡೆಯ ಚರ್ಮರೋಗ ಚಿಕಿತ್ಸಾಲಯಗಳಲ್ಲಿ ನರುಲಿಗೆ ಸತುವಿನ ಗುಳಿಗೆ ಬರೆಯುವವರು ಆಧಾರವಾಗಿ ಹೆಸರಿಸುವುದು ಇದನ್ನೇ. ಹಠಮಾರಿ ನರುಲಿಯಿದ್ದ 80 ರೋಗಿಗಳನ್ನು 40, 40ರ ಎರಡು ಸಾಲು ಮಾಡಿ, ಒಂದಕ್ಕೆ ದೇಹತೂಕದ ಕಿಲೋಗ್ರಾಂಗೆ 10 ಮಿಲಿಗ್ರಾಂನಂತೆ, ದಿನಕ್ಕೆ 600 ಮಿಲಿಗ್ರಾಂ ಮೀರದಂತೆ, ಸತುವಿನ ಸಲ್ಫೇಟನ್ನೂ ಇನ್ನೊಂದಕ್ಕೆ ಹುಸಿಗುಳಿಗೆಯನ್ನೂ ಕೊಟ್ಟರು. ಎರಡು ತಿಂಗಳು ಪೂರೈಸಿದವರು ಮೊದಲ ಸಾಲಿನಲ್ಲಿ 23, ಎರಡನೆಯದರಲ್ಲಿ 20. ಆ 23ರಲ್ಲಿ 20 ಮಂದಿಯ ನರುಲಿಗಳು ಪೂರ್ಣವಾಗಿ ಹೋದವು, ಅಂದರೆ ನೂರಕ್ಕೆ 86.9. ಹುಸಿಗುಳಿಗೆಯವರಲ್ಲಿ ಒಬ್ಬರದೂ ಹೋಗಲಿಲ್ಲ. ಮುಂದೆ ಎಲ್ಲೆಡೆ ಉದ್ಧೃತವಾದುದು ಈ 86.9 ಎಂಬ ಅಂಕಿ. ಆದರೆ ನಡುವೆ ಬಿಟ್ಟುಹೋದ 17 ಮಂದಿಯನ್ನೂ ಲೆಕ್ಕಕ್ಕೆ ಹಿಡಿದು, ಅವರಿಗೆ ಫಲ ಸಿಗಲಿಲ್ಲವೆಂದು ಎಣಿಸಿದರೆ 40ರಲ್ಲಿ 20, ಅಂದರೆ ಅರ್ಧ. ಅರ್ಧವೂ ಕಡಿಮೆಯೇನಲ್ಲ. ಆದರೂ ಒಂದೇ ಪ್ರಯೋಗದಿಂದ ಎರಡು ಭಿನ್ನ ಕಥೆಗಳನ್ನು ಹೇಳಬಹುದೆಂಬುದನ್ನು ಮರೆಯಲಾಗದು. ನಿರ್ಬಂಧಗಳ ಅಡಿಯಲ್ಲಿ ನರಳುತ್ತಿದ್ದ ಅಂದಿನ ಇರಾಕಿನಲ್ಲಿ ರೋಗಿಗಳನ್ನು ಎರಡು ತಿಂಗಳು ಮತ್ತೆ ಮತ್ತೆ ಬರಮಾಡಿಕೊಳ್ಳುವುದು ಸುಲಭದ ಮಾತಾಗಿರಲಿಲ್ಲವೆಂಬುದನ್ನೂ ಜೊತೆಗೆ ಹೇಳಬೇಕು.

2009ರಲ್ಲಿ ಇರಾನಿನ ಪ್ರಯೋಗವೊಂದು ಸತುವಿನ ಸಾಲಿನಲ್ಲಿ ನೂರಕ್ಕೆ 78, ಹುಸಿಗುಳಿಗೆಯ ಸಾಲಿನಲ್ಲಿ ನೂರಕ್ಕೆ 13 ಮಂದಿಯ ನರುಲಿಗಳು ಹೋದವೆಂದಿತು. ಅದೇ ವರ್ಷ ಮೆಕ್ಸಿಕೋದ ಪ್ರಯೋಗವೊಂದು ಸತುವು ಹುಸಿಗುಳಿಗೆಗಿಂತ ಮೇಲಲ್ಲವೆಂದಿತು. ಸತುವಿನ ಕೊರತೆಯಿರುವ ಜನಸಮುದಾಯದಲ್ಲಿ ಮಾತ್ರ ಅದು ಮದ್ದು, ಕೊರತೆಯಿಲ್ಲದಲ್ಲಿ ಅಲ್ಲ ಎಂಬುದು ಈ ವೈರುಧ್ಯಕ್ಕೆ ಕೆಲವರು ಕೊಡುವ ಸಮಾಧಾನ. ದೆಹಲಿಯ ಬಡಾವಣೆಗಳ ಮಕ್ಕಳಲ್ಲಿ ಸತುವಿನ ಪಾತ್ರವನ್ನು ಅಷ್ಟು ಆಳವಾಗಿ ಅಭ್ಯಸಿಸಿದ ನಗರಕ್ಕೆ ಈ ಪ್ರಶ್ನೆ ಸಹಜವಾಗಿಯೇ ಸೇರುತ್ತದೆ. ಪ್ರಮಾಣದ ಭೇದವನ್ನೂ ನೋಡಬೇಕು: ನೀರಿನಂಶ ಕೂಡಿದ ಸತುವಿನ ಸಲ್ಫೇಟಿನಲ್ಲಿ ಸುಮಾರು ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಶುದ್ಧ ಸತುವಿರುತ್ತದೆ. 600 ಮಿಲಿಗ್ರಾಂ ಎಂದರೆ ಸುಮಾರು 135 ಮಿಲಿಗ್ರಾಂ ಸತು. ಅತಿಸಾರದ ಮಗುವಿಗೆ ಹತ್ತು ಹದಿನಾಲ್ಕು ದಿನ ಕೊಡುವುದು ದಿನಕ್ಕೆ 20. ಓಕರಿಕೆ, ವಾಂತಿ, ಹೊಟ್ಟೆನೋವುಗಳು ಈ ಹೆಚ್ಚಿನ ಪ್ರಮಾಣದ ಸಂಗಾತಿಗಳು. ತಿಂಗಳುಗಟ್ಟಲೆ ಮುಂದುವರಿದರೆ ಶರೀರದ ತಾಮ್ರ ಕುಗ್ಗುತ್ತದೆ, ಅದರಿಂದ ರಕ್ತಹೀನತೆ ಬರಬಹುದು. 'ಸತು ತಾನೆ, ವಿಟಮಿನ್ನಿನಂತೆ' ಎಂದು ಔಷಧಿ ಅಂಗಡಿಯಲ್ಲಿ ಕೇಳಿ ಕೊಳ್ಳುವವರು ಎರಡನ್ನೂ ಒಂದೆಂದು ತಿಳಿಯುತ್ತಾರೆ.

ಮೊಡವೆಯ ಮದ್ದಾದ ಐಸೋಟ್ರೆಟಿನಾಯಿನ್ ಈ ಸಾಲಿಗೆ ಈಚೆಗೆ ಸೇರಿದುದು. ಮುಖದ ಚಪ್ಪಟೆ ನರುಲಿಗಳಿಗೆ ಇದನ್ನು ಹುಸಿಗುಳಿಗೆಯೊಡನೆ ಹೋಲಿಸಿದ ಮೆಕ್ಸಿಕೋದ ಸಣ್ಣ ಪ್ರಯೋಗ 2015ರಲ್ಲಿ ಮದ್ದಿನ ಪರವಾಗಿ ಬಂದಿತು. 2017ರಲ್ಲಿ ಪಂಜಾಬಿನ ವೈದ್ಯರು ಇದರ ಗುಳಿಗೆಯನ್ನು ಇದರದೇ ಲೇಪನದೊಡನೆ ಹೋಲಿಸಿದರು. ಗರ್ಭಿಣಿ ಸೇವಿಸಿದರೆ ಭ್ರೂಣಕ್ಕೆ ಭೀಕರ ವೈಕಲ್ಯಗಳನ್ನು ತರುವ ಮದ್ದಿದು ಎಂಬುದನ್ನು ಇದರ ಹೆಸರೆತ್ತಿದಲ್ಲೆಲ್ಲ ಹೇಳಲೇಬೇಕು.

ದೆಹಲಿಯ ಸ್ವಂತ ಕೊಡುಗೆಯು ಒಳಮದ್ದಾಗಿ ಬಾರದೆ ಸೂಜಿಮದ್ದಾಗಿ ಬಂದಿತು. ಜಿ. ಪಿ. ತಲವಾರರ ನೇತೃತ್ವದಲ್ಲಿ, 1981ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ರೋಗನಿರೋಧ ವಿಜ್ಞಾನ ಸಂಸ್ಥೆಯಲ್ಲಿ ಕುಷ್ಠರೋಗದ ಲಸಿಕೆಗಾಗಿ ಬೆಳೆಸಿದ 'ಎಂಡಬ್ಲ್ಯು' ಎಂಬ ನಿರುಪದ್ರವಿ ಬ್ಯಾಕ್ಟೀರಿಯವನ್ನು ಕೊಂದು ನರುಲಿಯೊಳಗೇ ಚುಚ್ಚಿದರೆ ನಿರೋಧಕ ಶಕ್ತಿ ಎಚ್ಚರಗೊಳ್ಳುವುದೆ ಎಂದು ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಚರ್ಮರೋಗ ವಿಭಾಗದವರು 2008ರಿಂದ ಪ್ರಕಟಿಸಿದ ಲೇಖನಗಳಲ್ಲಿ ಪರೀಕ್ಷಿಸಿದ್ದಾರೆ. ಗುಪ್ತಾಂಗದ ನರುಲಿಯನ್ನು ಕುರಿತ 2014ರ ಪ್ರಯೋಗದಲ್ಲಿ ಒಂದು ಸಾಲಿಗೆ ಲಸಿಕೆಯ ಜೊತೆ ಹುಸಿ ಲೇಪನ, ಇನ್ನೊಂದು ಸಾಲಿಗೆ ಇಮಿಕ್ವಿಮಾಡ್ ಲೇಪನದ ಜೊತೆ ಹುಸಿ ಚುಚ್ಚುಮದ್ದು ಕೊಡಲಾಯಿತು. ಎರಡರ ಫಲವೂ ಹತ್ತಿರ ಹತ್ತಿರವಿತ್ತು. ಒಳಗಿನ ಶಕ್ತಿಯನ್ನು ಎಬ್ಬಿಸಬೇಕೆಂಬ ಹಕೀಮರ ಹಾಗೂ ಹಾನಿಮನ್ನನ ಆಶಯ, ಹೊರಗಿನಿಂದಲೇ ಮುಟ್ಟಬೇಕೆಂಬ ಸುಶ್ರುತನ ವಿಧಿ ಇವೆರಡೂ ಸೂಜಿಯ ಮೊನೆಯಲ್ಲಿ ಕೂಡಿದಂತೆ ನಮಗೆ ತೋರುವುದು. ವೈದ್ಯಮಿತ್ರರು ಇದನ್ನು ಸಾಹಿತ್ಯದವರ ಅತಿಶಯೋಕ್ತಿಯೆಂದು ಕ್ಷಮಿಸಬೇಕು.

ಇಷ್ಟೆಲ್ಲ ಮದ್ದುಗಳನ್ನು ಪಡೆದವರಿಗೆ ಆದ ತೊಂದರೆಗಳನ್ನು ಬರೆದಿಡುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಉದುರಿದ ನರುಲಿ ಲೇಖನವಾಗುತ್ತದೆ; ಕುಸಿದ ಬಿಳಿಕಣ ಎಷ್ಟೋ ವೇಳೆ ಯಾವ ಕಡತಕ್ಕೂ ಸೇರುವುದಿಲ್ಲ. ಭಾರತದಲ್ಲಿ ಔಷಧಿಗಳ ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವು 2010ರ ಜುಲೈಯಲ್ಲಿ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಆರಂಭವಾಗಿ, 2011ರ ಏಪ್ರಿಲ್‌ನಲ್ಲಿ ರಾಜಧಾನಿ ವಲಯದ ಗಾಜಿಯಾಬಾದಿನಲ್ಲಿರುವ ಭಾರತೀಯ ಔಷಧಸಂಹಿತೆ ಆಯೋಗಕ್ಕೆ ವರ್ಗವಾಯಿತು. ಆರೋಗ್ಯಸೇವೆಯ ವೃತ್ತಿಯವರಿಗೆ ಮೀಸಲಾಗಿದ್ದ ವರದಿಯ ನಮೂನೆಯ ಜೊತೆಗೆ 2014ರಲ್ಲಿ ರೋಗಿಗಳೇ ತುಂಬಬಹುದಾದ ನಮೂನೆಯೊಂದು ಬಂದಿತು. ಅದು ಹಿಂದಿಯಲ್ಲಿ ಮಾತ್ರವಲ್ಲದೆ ಕನ್ನಡವೂ ಸೇರಿದಂತೆ ಹಲವು ದೇಶಭಾಷೆಗಳಲ್ಲಿದೆ. ಸೇವಿಸಿದ ಮದ್ದಿನ ಹೆಸರೇನು, ಯಾವ ಕಾರಣಕ್ಕಾಗಿ ಸೇವಿಸಿದಿರಿ, ಯಾವಾಗ ಆರಂಭಿಸಿದಿರಿ, ಯಾವಾಗ ನಿಲ್ಲಿಸಿದಿರಿ, ತೊಂದರೆ ಯಾವಾಗ ಕಾಣಿಸಿಕೊಂಡಿತು ಎಂದು ಅದು ಕೇಳುತ್ತದೆ. ನೋಯಿಡಾದಲ್ಲಿಯೋ ಗುರುಗ್ರಾಮದಲ್ಲಿಯೋ ನೆಲೆಸಿದ ಕನ್ನಡಿಗನೊಬ್ಬ 'ಕಾರಣ'ದ ಮುಂದೆ ನರುಲಿ ಎಂದು ತನ್ನ ಭಾಷೆಯಲ್ಲಿಯೇ ಬರೆದು ಗಾಜಿಯಾಬಾದಿಗೆ ಕಳುಹಿಸಲು ಈಗ ಅಡ್ಡಿಯಿಲ್ಲ.